ಮಳೆಯಾದರಷ್ಟೇ ಕಬ್ಬರಗಿ ಫಾಲ್ಸ್

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ಜಲಪಾತ ಇದೆ ಅಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಗಲಿ ಬಿಡಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ ಇದು, ಅದರಲ್ಲೂ ಜಾಸ್ತಿ ಬೀಳೋದು ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಕಬ್ಬರಗಿಯ ಕಪಿಲತೀರ್ಥ ಜಲಪಾತ ನೋಡಬೇಕಂದರೆ ರಜೆ ಯಾವಾಗ ಅಂತ ನೋಡಿದರೆ ಆಗಲ್ಲ, ಹನುಮಸಾಗರದ ಕಡೆ ಯಾರಾದರೂ ಪರಿಚಯದವರಿಗೆ ಫೋನ್ ಹಚ್ಚಬೇಕು. ನಮ್ಮ ಮಾವನ ಗೆಳೆಯರೊಬ್ಬರು ಅಲ್ಲಿದ್ದಾರೆ. "ರಾತ್ರಿ ಜೋರ್ ಆಗೇತ್ರಿ. ಇವತ್ತ ಬಂದ್ಬಿಡ್ರಿ, ನಾಳಿಗಂದ್ರ ಗ್ಯಾರಂಟಿ ಇಲ್ಲ" ಅಂದರು. ಬೈಕ್ ಹತ್ತಿದೆವು.

ಕುಷ್ಟಗಿಯಲ್ಲಿ ಹೆದ್ದಾರಿ 50 ಬಿಟ್ಟು ಹನುಮಸಾಗರದ ದಾರಿ ಹಿಡಿದ ಮೇಲೆ ಲಾರಿಗಳ ಕಾಟ ಇಲ್ಲ. ಎರಡೂ ಕಡೆ ತೆನೆ ಕಟ್ಟಿದ ಸಜ್ಜೆ, ನಡುನಡುವೆ ತೊಗರಿ ಸಾಲು, ದೂರದಲ್ಲಿ ಮೇಲ್ಭಾಗ ಚಪ್ಪಟೆಯಾದ ಗುಡ್ಡಗಳು. ಹನುಮಸಾಗರ ದಾಟಿದರೆ ರಸ್ತೆ ಇನ್ನೂ ಸಣ್ಣದು. ಕುರಿ ಹಿಂಡು ಎದುರಾದರೆ ಗಾಡಿ ಆಫ್ ಮಾಡಿ ನಿಲ್ಲೋದೇ ಸೈ, ಹಾರ್ನ್ ಹೊಡೆದರೆ ಅವು ಇನ್ನಷ್ಟು ಒತ್ತಿಕೊಂಡು ನಿಲ್ಲುತ್ತವೆ.

ಕಬ್ಬರಗಿ ಹತ್ತಿರ ಹೋದರೂ ಜಲಪಾತ ಕಾಣೋದಿಲ್ಲ. ಬಯಲು ಇದ್ದಕ್ಕಿದ್ದಂತೆ ಸೀಳಿಕೊಂಡಂತೆ ಒಂದು ಕೊಳ್ಳ, ಅದರೊಳಗೆ ಇಳಿಯಬೇಕು. ಮೊದಲು ಸದ್ದು ಕೇಳುತ್ತದೆ. ಎತ್ತರ ಜಾಸ್ತಿ ಏನಿಲ್ಲ, ಜೋಗ ನೋಡಿದವರು ಹೋಲಿಸೋಕೆ ಹೋಗಬೇಡಿ. ಆದರೆ ಪದರ ಪದರವಾದ ಬಂಡೆಯ ಅಂಚಿನಿಂದ ಮಸಾರಿ ಮಣ್ಣಿನ ಕೆಂಪು ಬೆರೆತ ನೀರು ಬೀಳೋದನ್ನು ಎದುರಿಗೆ ನಿಂತು ನೋಡಿದರೆ ಮುಖವೆಲ್ಲ ತೋಯುತ್ತದೆ, ಕನ್ನಡಕ ಒರೆಸಿ ಒರೆಸಿ ಸಾಕಾಯಿತು. ಬಂಡೆಯ ಸಂದಿಯಲ್ಲಿ ಬೆರಳಷ್ಟು ಉದ್ದದ ಜರಿಗಿಡ, ಅದರ ತುದಿಯಲ್ಲಿ ಹನಿ ಕೂಡಿ ಕೂಡಿ ಒಮ್ಮೆಲೇ ಜಾರುತ್ತಿತ್ತು. ಸುಡುಬಿಸಿಲಿನ ಈ ಸೀಮೆಯಲ್ಲಿ ಜರಿಗಿಡ! ಅದನ್ನು ನೋಡೋಕೇ ಬಂದರೂ ನಷ್ಟ ಇಲ್ಲ.

ಪಾಚಿ ಕಟ್ಟಿದ ಕಲ್ಲು ಮಾತ್ರ ಭಾರಿ ಜಾರುತ್ತದೆ. ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಅಜ್ಜ ನಮ್ಮ ಹುಡುಗರನ್ನು ಗದರಿಸಿದ: "ಏ ತಮ್ಮಾ, ಮ್ಯಾಲ ಮಳಿ ಆದ್ರ ಇಲ್ಲಿ ಒಮ್ಮಿಗೇ ನೀರು ಬರ್ತೈತಿ, ಈಚಿಗಿ ಬರ್ರಿ." ಇಲ್ಲಿ ಬಿಸಿಲಿದ್ದರೂ ಗುಡ್ಡದ ಮೇಲೆ ಮೋಡ ಕಟ್ಟಿತ್ತು, ಎಲ್ಲರೂ ಸುಮ್ನೆ ಈಚೆ ಬಂದರು. ಭಾನುವಾರ ಬಂದು ಹೋದವರ ಬಾಟಲಿ, ಕುರುಕಲು ತಿಂಡಿಯ ಖಾಲಿ ಪ್ಯಾಕೆಟ್‌ಗಳು ಮಡುವಿನ ಮೂಲೆಯಲ್ಲಿ ತೇಲುತ್ತಿದ್ದವು. ಬಾಟಲಿ ಹೊತ್ತು ತರೋಕೆ ಆಗುತ್ತದೆ, ಖಾಲಿಯಾದ ಮೇಲೆ ಒಯ್ಯೋಕೆ ಆಗಲ್ಲ ಅಲ್ವಾ?

ತಿನ್ನೋಕೆ ಅಲ್ಲಿ ಏನಾದರೂ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ನಾವು ಹನುಮಸಾಗರಕ್ಕೆ ವಾಪಸ್ ಬಂದು ಒಗ್ಗರಣೆ ಮಂಡಾಳು (ಮಂಡಕ್ಕಿ), ಮಿರ್ಚಿ ತಿಂದೆವು. ಮಿರ್ಚಿ ಎರಡನೇ ಸಲ ಹೇಳಬೇಕಾಯಿತು.