ತಲೆ ಬಿಡಿ, ತಳ ನೋಡಿ

ನಾನು ಹಳೇ ಜರ್ಮನ್ ರೈಫಲ್‌ಗಳ ಖಾಲಿ ಕಾಡತೂಸು ಕೂಡಿಡುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅದು ಹಿಟ್ಲರ್ ಕಾಲದ್ದೇ ಅಂತ ಹೇಗೆ ಗೊತ್ತಾಗುತ್ತೆ? ಎಲ್ಲಾ ಒಂದೇ ಥರ ಇರುತ್ತಲ್ವಾ?"

ಇರುತ್ತೆ. ಅಳತೆ ನಂಬಿದರೆ ಕೆಟ್ಟಿರಿ. ಜರ್ಮನ್ ಬಂದೂಕು ಕಂಪನಿ ಮೌಸರ್ ಹೆಸರು ಹೊತ್ತ, 7.92 × 57 ಮಿಲಿಮೀಟರ್‌ನ ಈ ಕಾಡತೂಸನ್ನು ಟರ್ಕಿ, ಯುಗೊಸ್ಲಾವಿಯಾಗಳಲ್ಲೂ ಮಾಡಿದರು. ತಮಾಷೆ ಅಂದರೆ, ಜರ್ಮನಿಯ ಮೇಲೆ ಯುದ್ಧಕ್ಕಿಳಿದಿದ್ದ ಬ್ರಿಟನ್ನೇ ತನ್ನ ಟ್ಯಾಂಕುಗಳ ಬೆಸಾ ಮೆಷಿನ್‌ಗನ್ನಿಗೆ ಅಂತ ಇದನ್ನು ಮಾಡಿಕೊಳ್ಳುತ್ತಿತ್ತು!

ಅದಕ್ಕೇ ತಿರುಗಿಸಿ ತಳ ನೋಡಿ, ಜಾತಕ ಇರುವುದು ಅಲ್ಲಿ. ಎರಡನೇ ಮಹಾಯುದ್ಧದ ಜರ್ಮನ್ ಕಾಡತೂಸಿನ ತಳದಲ್ಲಿ ಒತ್ತಿರುವ ಗುರುತುಗಳನ್ನು ಗಡಿಯಾರದಂತೆ ಓದಬೇಕು. ಹನ್ನೆರಡರ ಜಾಗದಲ್ಲಿ ಕಾರ್ಖಾನೆ, ಮೂರರಲ್ಲಿ ಲೋಹ, ಆರರಲ್ಲಿ ಲಾಟ್ (ಒಮ್ಮೆಗೆ ಮಾಡಿದ ಕಂತಿನ) ನಂಬರು, ಒಂಬತ್ತರಲ್ಲಿ ಇಸವಿಯ ಕೊನೆಯ ಎರಡು ಅಂಕಿ. ಕಾರ್ಖಾನೆಯ ಹೆಸರು ಮಾತ್ರ ನೇರವಾಗಿ ಇರುವುದಿಲ್ಲ, ಎಲ್ಲಾ ಗುಟ್ಟು. ಮಗ್ಡೆಬುರ್ಗ್‌ನ ಪೋಲ್ಟೆ ಕಾರ್ಖಾನೆ ಮೊದಲು ಬರೀ 'ಪಿ' ಅಂತ ಒತ್ತುತ್ತಿತ್ತು, ಯುದ್ಧದ ನಡುವೆ ಅದು 'ಎ-ಯು-ಎಕ್ಸ್' ಆಯಿತು. 'ಪಿ' ಪಕ್ಕ ಅಂಕಿ ಇದ್ದರೆ ಅದು ಬೇರೆ ಕಾರ್ಖಾನೆ: 'ಪಿ 131' ಕಂಡರೆ ಬರ್ಲಿನ್ನಿನದು.

ನನಗೆ ಜಾಸ್ತಿ ಇಷ್ಟ ಮೂರರ ಜಾಗ. 'ಎಸ್' ಪಕ್ಕ ನಕ್ಷತ್ರ ಇದ್ದರೆ ಶೇ. 72 ತಾಮ್ರವಿರುವ ಹಿತ್ತಾಳೆ, 'ಎಸ್‌ಟಿ' ಅಂದರೆ ಉಕ್ಕು. ಯುದ್ಧ ಮುಂದುವರಿದಂತೆ ತಾಮ್ರ ಸಾಲದೆ ಅವರು ಉಕ್ಕಿಗೆ ಬಣ್ಣದ ಲೇಪ ಕೊಟ್ಟು ಕೆಲಸ ಸಾಗಿಸಿದರು, ಹಾಗಾಗಿ ಕಾಡತೂಸುಗಳನ್ನು ಇಸವಿ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಒಂದು ದೇಶದ ಕಿಸೆ ಖಾಲಿಯಾಗುತ್ತಾ ಹೋಗಿದ್ದು ಕಣ್ಣಿಗೇ ಕಾಣುತ್ತದೆ.

ತಳದ ನಡುವೆ ಇರುವ, ಬಡಿದರೆ ಕಿಡಿ ಹೊತ್ತಿಸುವ ಕೇಪಿನ ಸುತ್ತ ಬಣ್ಣದ ಉಂಗುರ ಇರುತ್ತದೆ. ಹಸಿರು ಅಂದರೆ ಭಾರದ ಚೂಪು ಗುಂಡು, ಸುಮಾರು 12.8 ಗ್ರಾಂ. ಕೆಂಪು ಅಂದರೆ ಒಳಗೆ ಉಕ್ಕಿನ ತಿರುಳು. ಆದರೆ ಬಣ್ಣವನ್ನು ಯಾರು ಬೇಕಾದರೂ ಹಚ್ಚಬಹುದು, ಒತ್ತಿದ ಅಕ್ಷರಕ್ಕೇ ನಾನು ಬೆಲೆ ಕೊಡುವುದು.

ಜೀವಂತ ಗುಂಡಿನ ಸಹವಾಸ ಬೇಡ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕು, ಒಂದೇ ಒಂದು ಆದರೂ. ಜರ್ಮನಿಯಲ್ಲೂ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ, ಮಣ್ಣಲ್ಲಿ ಸಿಕ್ಕಿದ್ದನ್ನಂತೂ ಮುಟ್ಟದೆ ಪೊಲೀಸರಿಗೆ ಹೇಳಿ.

ಇನ್ನೊಂದು, ತೊಳೆಯಬೇಡಿ. ನನ್ನ ಮೊದಲ ಹಿತ್ತಾಳೆ ಕಾಡತೂಸನ್ನು ಪೂಜೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಪಳಪಳ ಹೊಳೆಯಿತು, ಹಸಿರು ಉಂಗುರ ನೀರಿನ ಜೊತೆ ಹೋಯಿತು.