ಕಿಂಗ್‌ಸ್ಟನ್ ಬ್ಲ್ಯಾಕ್: ಮೂರನೇ ಸಲ ಕೊರೆದ ಮೇಲೆ ಗಾಯ ಕೂಡುತ್ತಿದೆ

ಗಾಯ ಕೂಡುತ್ತಿದೆ! ಇವತ್ತು ಬೆಳಿಗ್ಗೆ ನೋಡಿದೆ. ನನ್ನ ಕಿಂಗ್‌ಸ್ಟನ್ ಬ್ಲ್ಯಾಕ್ ಸೇಬಿನ ಮರದಲ್ಲಿ ರೋಗ ತೆಗೆಯಲು ಮೇ ತಿಂಗಳಲ್ಲಿ ಕೊರೆದ ಜಾಗದ ಸುತ್ತ ಹೊಸ ತೊಗಟೆ ತುಟಿಯ ಹಾಗೆ ಉಬ್ಬಿ ಬಂದಿದೆ. ಬೆರಳಿಟ್ಟರೆ ಗಟ್ಟಿಯಾಗಿದೆ, ನುಣುಪಾಗಿದೆ. ಎರಡು ವರ್ಷ ಕಾದಿದ್ದು ಇದಕ್ಕೇ.

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಕ್ಯಾಂಕರ್ ಕಾಟ ಹೊಸದಲ್ಲ; ಶಿಲೀಂಧ್ರ ಹೊಕ್ಕು ತೊಗಟೆ ಸತ್ತು ಗಾಯವಾಗುವ ರೋಗ ಅದು. ಟಾಂಟನ್ ಪಕ್ಕದ ಹಳ್ಳಿ ಕಿಂಗ್‌ಸ್ಟನ್ ಸೇಂಟ್ ಮೇರಿಯ ಹೆಸರು ಹೊತ್ತ ಈ ಸೇಬಿಗಂತೂ ಅದು ಬೇಗ ತಗಲುತ್ತೆ. ಮೇಲೆ ಕಜ್ಜಿ ರೋಗ ಬೇರೆ, ಫಸಲೂ ಕಡಿಮೆ. ಆದರೂ ಯಾಕೆ ಬಿಡೋಕಾಗಲ್ಲ? ಆ ರಸಕ್ಕೆ. ಹಣ್ಣು ಚಿಕ್ಕದು, ಕಪ್ಪಿಗೆ ತಿರುಗಿದ ಕೆಂಪು. ಹುಳಿ, ಒಗರು ಎರಡೂ ಒಂದರಲ್ಲೇ. ನೆಲ್ಲಿಕಾಯಿ ತಿಂದು ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದ ವಿಂಗಡಣೆಯಲ್ಲಿ ಹುಳಿ 0.45%, ಟ್ಯಾನಿನ್ (ಒಗರಿನ ಅಂಶ) 0.2% ದಾಟಿದ್ದು ಬಿಟರ್‌ಶಾರ್ಪ್, ಅಂದರೆ ಒಗರು-ಹುಳಿ. ಇದು ಆ ಗುಂಪಿನದು. ಬೇರೆ ಹಣ್ಣು ಬೆರೆಸದೆ ಇದೊಂದರಿಂದಲೇ ಒಳ್ಳೆ ಸೈಡರ್ (ಸೇಬಿನ ರಸ ಹುದುಗಿಸಿದ ಪೇಯ) ಆಗುತ್ತೆ. ಹೋದ ವರ್ಷದ ಒಂದೇ ಒಂದು ಜಾಡಿ ಕುಡಿದವರು ಇನ್ನೂ ಕೇಳ್ತಿದ್ದಾರೆ.

ಸಸಿ ಮಾರಿದ ನರ್ಸರಿ ಮೇಲೆ ಸಿಟ್ಟು ಹೋಗಿಲ್ಲ. ಹೆಸರಿನ ಚೀಟಿ ಕಟ್ಟಿದ ದಾರದ ಕೆಳಗೇ ತೊಗಟೆ ಬಿರಿದಿತ್ತು. ಫೋಟೊ ಕಳಿಸಿದರೆ, ‘ನೆಡಿ, ಸರಿಹೋಗುತ್ತೆ’ ಅಂದರು. ಸರಿಹೋಗಲಿಲ್ಲ.

ಮೊದಲ ಸಲ ಕೊರೆದದ್ದು ನವೆಂಬರ್ ಮಳೆಯಲ್ಲಿ. ಅದು ತಪ್ಪು. ಎಲೆ ಉದುರಿದ ಗುರುತುಗಳಲ್ಲೂ ಹಸಿ ಗಾಯದಲ್ಲೂ ಈ ಶಿಲೀಂಧ್ರ ಒಳಗೆ ನುಗ್ಗುವುದು ಅಂಥ ಮಳೆಯಲ್ಲೇ. ಎರಡನೇ ಸಲ ಒಣ ದಿನ ನೋಡಿಯೇ ಕೊರೆದೆ. ಸತ್ತ ತೊಗಟೆ ಮುಗಿದಲ್ಲಿ ನಿಲ್ಲಿಸಿದೆ. ಮುಂದಿನ ಬೇಸಿಗೆಗೆ ಅಂಚಿನಲ್ಲಿ ಮತ್ತೆ ಬೆಳ್ಳನೆಯ ಗುಳ್ಳೆಗಳು.

ಈ ಸಲ ಹಸಿರು ತೊಗಟೆಯನ್ನೂ ಸ್ವಲ್ಪ ಎಬ್ಬಿಸಿ ನೋಡಿದೆ. ಅಲ್ಲಿತ್ತು! ಕಾಫಿ ಕಲೆಯಂಥ ಕಂದು ಗೆರೆ, ಹೊರಗೆ ಕಾಣುವ ಗಾಯಕ್ಕಿಂತ ಎರಡು ಬೆರಳು ಮೇಲಕ್ಕೆ ಹರಿದಿತ್ತು. ಉಳಿಯನ್ನು ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸುತ್ತಾ ಆ ಗೆರೆಯ ಹಿಂದೆಯೇ ಹೋದೆ. ಬೆಳ್ಳಗಿನ ಮರ ಸಿಗುವವರೆಗೂ ಬಿಡಲಿಲ್ಲ. ಚೂರುಗಳನ್ನೆಲ್ಲ ಸುಟ್ಟೆ. ಜೇಡಿಮಣ್ಣಲ್ಲಿ ನೀರು ನಿಲ್ಲದ ಹಾಗೆ ಬುಡದ ಪಕ್ಕ ಕಾಲುವೆ ತೋಡಿದೆ.

ಅಂದ ಹಾಗೆ, ಮಾರ್ಚ್‌ನಲ್ಲಿ ಡ್ಯಾಬಿನೆಟ್ ಅನ್ನೋ ಇನ್ನೊಂದು ಸೈಡರ್ ಸೇಬಿನ ಕಸಿ ಕಟ್ಟಬೇಕು. ಅದೂ ಸಾಮರ್‌ಸೆಟ್ಟಿನದೇ, ಮಿಡ್ಲ್ ಲ್ಯಾಂಬ್ರುಕ್‌ನಲ್ಲಿ ಸಿಕ್ಕಿದ ತಳಿ. ಒಗರು ಮೃದು, ಹುಳಿ ಕಡಿಮೆ. ಕಸಿ ಕೂರಿಸೋಕೆ ಎಂಎಂ106 ಅನ್ನೋ ತಳಿಯ ಎರಡು ಬೇರುಸಸಿ ಈಗಲೇ ಕುಂಡದಲ್ಲಿವೆ. ಕಸಿ ಕಡ್ಡಿಯನ್ನು ಈ ಸಲ ನಾನೇ ಮರ ನೋಡಿ ಆರಿಸಿ ತರ್ತೀನಿ.

ಗಾಯದ ಮೇಲಿನ ಕೊಂಬೆಯಲ್ಲಿ ಹನ್ನೊಂದು ಕಾಯಿ ನಿಂತಿವೆ. ಎರಡು ಸಲ ಎಣಿಸಿದೆ.