ಗಾಯನವೃಂದದ ಚರಿತ್ರೆ: ಮೂರನೆಯ ತಿಂಗಳ ಕೆಲಸದ ವರದಿ

ನಮ್ಮ ಸಮುದಾಯ ಗಾಯನವೃಂದದ ಚರಿತ್ರೆಯನ್ನು ಬರೆದು ಮುಗಿಸಲು ಮೂರು ತಿಂಗಳು ಸಾಕೆಂದು ಆರಂಭದಲ್ಲಿ ಎಣಿಸಿದ್ದೆ. ಆ ಅವಧಿ ಮುಗಿಯುತ್ತಿರುವ ಈಗ ಕೈಯಲ್ಲಿರುವುದು ಮೊದಲ ಅಧ್ಯಾಯದ ಕರಡು ಮಾತ್ರ. ಎರಡು ಪೆಟ್ಟಿಗೆಗಳಲ್ಲಿ ಮೊದಲನೆಯದರ ಕಾಗದಗಳನ್ನು ವಿಂಗಡಿಸಿ, ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟಾಗಿದೆ. ಎರಡನೆಯದಕ್ಕೆ ಎಂದೋ ನೀರು ತಗುಲಿ ಹಾಳೆಗಳು ಅಂಟಿಕೊಂಡಿರುವುದರಿಂದ ಅದನ್ನು ಸದ್ಯಕ್ಕೆ ಮುಟ್ಟಿಲ್ಲ.

ಹೆಚ್ಚು ಸಮಯ ತಿಂದದ್ದು ಸ್ಥಾಪನೆಯ ದಿನಾಂಕ. ಮೊದಲ ಕಾರ್ಯಕ್ರಮದ ಕರಪತ್ರದಲ್ಲಿರುವ ದಿನವೇ ವೃಂದ ಹುಟ್ಟಿದ ದಿನವೆಂದು ನಾವೆಲ್ಲ ನಂಬಿಕೊಂಡು ಬಂದಿದ್ದೆವು. ಆದರೆ ಹಾಜರಿ ಪುಸ್ತಕದಲ್ಲಿ ಅದಕ್ಕಿಂತ ಹದಿನಾಲ್ಕು ತಿಂಗಳು ಮೊದಲಿನಿಂದಲೇ ವಾರದ ಅಭ್ಯಾಸಕ್ಕೆ ಬಂದವರ ಹೆಸರುಗಳಿವೆ. ಮೊದಲ ಪುಟದಲ್ಲಿರುವುದು ಒಂಬತ್ತೇ ಹೆಸರು, ಅವರಲ್ಲಿ ಟೆನರ್ (ಗಂಡಸರ ಎತ್ತರದ ದನಿ) ಹಾಡುವವರು ಒಬ್ಬರೇ. (ಟೆನರ್‌ಗಳ ಕೊರತೆ ಇಂದಿಗೂ ತೀರಿಲ್ಲ.) ಬರ್ಲಿನ್‌ನ ಸಿಂಗ್ ಅಕಾಡೆಮಿ ಎಂಬ ಗಾಯನವೃಂದವೂ 1791ರಲ್ಲಿ ಸಂಗೀತಗಾರ ಕಾರ್ಲ್ ಫ್ರೀಡ್ರಿಕ್ ಕ್ರಿಶ್ಚಿಯನ್ ಫಾಶ್ ಅವರ ಸುತ್ತ ಸೇರುತ್ತಿದ್ದ ಹಾಡುಗಾರರ ಸಣ್ಣ ಗುಂಪಾಗಿಯೇ ಆರಂಭವಾಯಿತು, ಇಪ್ಪತ್ತು ವರ್ಷದ ಸಂಗೀತ ರಚನಕಾರ ಮೆಂಡೆಲ್ಸನ್ ಅದೇ ವೃಂದವನ್ನು ಮುನ್ನಡೆಸಿ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ ಎಂಬ ವೃಂದಗಾನ ಕೃತಿಗೆ ಮರುಹುಟ್ಟು ಕೊಟ್ಟದ್ದು 1829ರಲ್ಲಿ. ಲೋಕ ಕೇಳಿಸಿಕೊಂಡ ದಿನವನ್ನೇ ಹುಟ್ಟಿದ ದಿನವೆಂದು ಹಿಡಿದರೆ ಆ ಮೂವತ್ತೆಂಟು ವರ್ಷಗಳ ಅಭ್ಯಾಸ ಲೆಕ್ಕಕ್ಕೇ ಸಿಗುವುದಿಲ್ಲ. ಹೀಗಾಗಿ ಹಾಜರಿ ಪುಸ್ತಕದ ದಿನಾಂಕವನ್ನೇ ಉಳಿಸಿಕೊಂಡಿದ್ದೇನೆ; ಸಮಿತಿಯಲ್ಲಿ ಇದಕ್ಕೆ ಆಕ್ಷೇಪವಿದೆ.

ಈ ತಿಂಗಳ ನಿಜವಾದ ಸಂತೋಷ ಆಲ್ಟೊ (ಹೆಂಗಸರ ತಗ್ಗಿನ ದನಿ) ಭಾಗದ ಒಂದು ಹಳೆಯ ಪ್ರತಿಯಿಂದ ಬಂತು. ಪಿನ್ನಿನ ತುಕ್ಕು ಅಂಚಿಗೆ ಇಳಿದಿರುವ ಆ ಹಾಳೆಗಳಲ್ಲಿ ಸಂಗೀತವಿರುವುದು ಟಾನಿಕ್ ಸಾಲ್ಫಾ ಲಿಪಿಯಲ್ಲಿ. ನಾರ್ವಿಚ್‌ನ ಸಾರಾ ಗ್ಲೋವರ್ ರೂಪಿಸಿದ ಪದ್ಧತಿಯನ್ನು ಜಾನ್ ಕರ್ವೆನ್ 1840ರ ದಶಕದಲ್ಲಿ ತಿದ್ದಿ ಹರಡಿದ ಈ ಲಿಪಿಯಲ್ಲಿ ಪಾಶ್ಚಾತ್ಯ ಸಂಗೀತದ ಮಾಮೂಲಿ ಐದು ಗೆರೆಗಳಿಲ್ಲ. ಸ್ವರಕ್ಕೊಂದು ಅಕ್ಷರ, ಬಡಿತಗಳ ನಡುವೆ ಎರಡು ಚುಕ್ಕಿ, ಸ್ವರ ಮುಂದುವರಿದರೆ ಅಡ್ಡಗೆರೆ. ಷಡ್ಜವನ್ನು ಬೇಕಾದ ಶ್ರುತಿಗೆ ಇಟ್ಟುಕೊಂಡು ಹಾಡಿ ರೂಢಿಯಿರುವವರಿಗೆ, ‘ಡೋ’ ಎಂಬ ಮೊದಲ ಸ್ವರ ಹಾಡಿನೊಡನೆ ಜಾಗ ಬದಲಿಸುವ ಈ ಕ್ರಮ ಹೊಸದೆನಿಸುವುದಿಲ್ಲ.

ಮೂರನೆಯ ಪುಟದ ದೀರ್ಘ ಸ್ವರವೊಂದರ ಮೇಲೆ ಪೆನ್ಸಿಲ್‌ನಲ್ಲಿ ನಾಲ್ಕು ಇನಿಷಿಯಲ್‌ಗಳಿವೆ, ಪ್ರತಿಯೊಂದರ ಮುಂದೆಯೂ ಅಲ್ಪವಿರಾಮದಂತಹ ಗುರುತು. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಸ್ವರ ತುಂಡಾಗುತ್ತದೆಂದು ಸರದಿಯ ಮೇಲೆ ಉಸಿರು ತೆಗೆದುಕೊಳ್ಳಲು ಹಾಕಿಕೊಂಡ ಏರ್ಪಾಡು ಇದು. ಆ ಇನಿಷಿಯಲ್‌ಗಳನ್ನು ಹಾಜರಿ ಪುಸ್ತಕದೊಡನೆ ಹೋಲಿಸಿದಾಗ ನಾಲ್ವರೂ ಸಿಕ್ಕರು. ಅವರಲ್ಲೊಬ್ಬರು ಬಂದದ್ದು ಕೇವಲ ಏಳು ವಾರ. ಹೀಗೆ, ಯಾವ ಕರಪತ್ರದಲ್ಲೂ ಉಲ್ಲೇಖವಿಲ್ಲದ ಹಾಡೊಂದನ್ನು ಅಭ್ಯಾಸ ಮಾಡಿದ ಕಾಲ ಏಳು ವಾರಗಳೊಳಗೆ ನಿಖರವಾಯಿತು.

ಅದನ್ನು ವೇದಿಕೆಯಲ್ಲಿ ಹಾಡಿದರೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಿರಿಯ ಸದಸ್ಯೆಯೊಬ್ಬರು ಹಾಡಿದೆವು ಎನ್ನುತ್ತಾರೆ, ಆಲ್ಟೊ ಸಾಲನ್ನು ತಪ್ಪಿಲ್ಲದೆ ಹಾಡಿಯೂ ತೋರಿಸಿದರು. ಅವರ ಪಕ್ಕದಲ್ಲೇ ನಿಂತು ಹಾಡುತ್ತಿದ್ದವರು ಖಂಡಿತ ಇಲ್ಲ ಎನ್ನುತ್ತಾರೆ. ಇಬ್ಬರ ಮಾತನ್ನೂ ಧ್ವನಿಮುದ್ರಿಸಿ ಇಟ್ಟಿದ್ದೇನೆ. ಬೇಸ್ (ಗಂಡಸರ ತಗ್ಗಿನ ದನಿ) ಭಾಗದ ಪ್ರತಿ ಎರಡನೆಯ ಪೆಟ್ಟಿಗೆಯಲ್ಲಿ ಇರಬಹುದೆಂಬ ಆಸೆಯಿಂದ, ಮುಂದಿನ ವಾರ ಅದರ ಹಾಳೆಗಳ ನಡುವೆ ಒತ್ತುಕಾಗದ ಇಡುತ್ತ ನಿಧಾನವಾಗಿ ಬಿಡಿಸಲು ತೊಡಗುತ್ತೇನೆ.